ಚಾವಣಿಯಿಂದ ಬುಡಕ್ಕೆ

ಪಾಲಿಹೌಸಿನೊಳಗೆ ಮಳೆ ಬೀಳುವುದಿಲ್ಲ. ಅಲ್ಲಿನ ಗಿಡಕ್ಕೆ ಡ್ರಿಪ್ ಪೈಪೇ ಮುಂಗಾರು, ಅದೇ ಹಿಂಗಾರು. ಆ ಪೈಪನ್ನು ಸಾವಿರ ಅಡಿ ಆಳದ ಬೋರಿಗೆ ಜೋಡಿಸುವ ಮುನ್ನ ತಲೆಯ ಮೇಲಿರುವ ಚಾವಣಿಯನ್ನೊಮ್ಮೆ ನೋಡಿ!

ಮೇ ತಿಂಗಳ ಮೊದಲ ವಾರ. ಚಿಂತಾಮಣಿಯಿಂದ ಶ್ರೀನಿವಾಸಪುರದ ಕಡೆ ಹೋಗುವ ರಸ್ತೆ. ಮಧ್ಯಾಹ್ನವೆಲ್ಲ ಕುದಿದ ಆಕಾಶ ಸಂಜೆ ನಾಲ್ಕಕ್ಕೆ ಕಪ್ಪಾಗಿ, ಗಾಳಿ ಎದ್ದು, ತೋಪುಗಳಲ್ಲಿ ಮಾವಿನಕಾಯಿ ಉದುರತೊಡಗುತ್ತವೆ. ಹಿಂದೆಯೇ ಭರಣಿ ಮಳೆ.

ರಸ್ತೆ ಬದಿಯ ಪಾಲಿಹೌಸಿನೊಳಗೆ ನಿಂತರೆ ಮಾತು ಕೇಳಿಸುವುದಿಲ್ಲ. ತಲೆಯ ಮೇಲೆ ಬಿಗಿದ 200 ಮೈಕ್ರಾನ್ ಪ್ಲಾಸ್ಟಿಕ್ ಹಾಳೆಗೆ ಮಳೆ ಬಡಿಯುತ್ತಿದೆ. ಕೆಳಗೆ ಎದೆಯೆತ್ತರದ ಕ್ಯಾಪ್ಸಿಕಂ ಗಿಡಗಳು, ದಾರಕ್ಕೆ ಕಟ್ಟಿದ ಕೊಂಬೆಗಳಲ್ಲಿ ಕೆಂಪು ಹಳದಿ ಕಾಯಿ. ಎಲೆಯ ಮೇಲೆ ಒಂದು ಹನಿಯೂ ಇಲ್ಲ. ಮಡಿಗಳ ನಡುವಿನ ದಾರಿಯಲ್ಲಿ ಕಾಲಿಟ್ಟರೆ ದೂಳು.

ಅದೇ ಹೊತ್ತಿಗೆ ಮೂಲೆಯಲ್ಲಿ ಮೋಟರ್ ಓಡುತ್ತಿದೆ. ಕೊಳವೆ ಬಾವಿಯ ನೀರು ಕಪ್ಪು ಪೈಪಿನಲ್ಲಿ ಸಾಗಿ ಬುಡಬುಡಕ್ಕೂ ತೊಟ್ಟಿಕ್ಕುತ್ತಿದೆ.

ಹೊರಗೆ? ಚಾವಣಿಯ ದೋಣಿಗಳಲ್ಲಿ ಹರಿದು ಬಂದ ಮಳೆನೀರು ನಾಲ್ಕು ಮೀಟರ್ ಎತ್ತರದಿಂದ ನೆಲಕ್ಕೆ ಧುಮುಕಿ, ಕೆಮ್ಮಣ್ಣನ್ನು ಕೊರೆದು, ಬದು ಒಡೆದು, ರಸ್ತೆಗೆ ಹತ್ತಿ ಹೋಗುತ್ತಿದೆ. ಸಾವಿರ ಅಡಿ ಕೆಳಗಿನ ನೀರನ್ನು ಕರೆಂಟು ಸುಟ್ಟು ಮೇಲೆತ್ತುತ್ತಿರುವ ಜಾಗದಲ್ಲೇ ಮೇಲಿಂದ ಬಿದ್ದದ್ದು ಹೊರಗೆ ಹರಿಯುತ್ತಿದೆ.

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಮಳೆ ಬಂದ ದಿನ ಯಾರು ಬೇಕಾದರೂ ಇದನ್ನು ನೋಡಬಹುದು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆಗಳಿವು.

ಪಾಲಿಹೌಸಿನಲ್ಲಿ ಡ್ರಿಪ್ ಹಾಕುವುದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಪೈಪಿನ ಅಳತೆ, ಡ್ರಿಪ್ಪರಿನ ಅಂತರ, ಫಿಲ್ಟರಿನ ಬೆಲೆ. ಅವೆಲ್ಲ ಬೇಕು, ಮುಂದೆ ಬರುತ್ತವೆ. ಆದರೆ ಈ ಕೆಲಸ ಶುರುವಾಗಬೇಕಾದ್ದು ದೋಣಿಯಿಂದ.

ಹತ್ತು ಗುಂಟೆಯ ಲೆಕ್ಕ

ಹತ್ತು ಗುಂಟೆಯ ಪಾಲಿಹೌಸ್ ಅಂದರೆ ಹೆಚ್ಚುಕಡಿಮೆ 1,000 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಕೋಲಾರ ಸೀಮೆಯಲ್ಲಿ ವರ್ಷಕ್ಕೆ 700 ಮಿ.ಮೀ. ಮಳೆ ಎಂದಿಟ್ಟುಕೊಂಡರೆ ಈ ಚಾವಣಿಯ ಮೇಲೆ ಬೀಳುವುದು ಏಳು ಲಕ್ಷ ಲೀಟರ್. ಚೆಲ್ಲಿದ್ದು, ಸೋರಿದ್ದು, ಮೊದಲ ಮಳೆಯಲ್ಲಿ ಹೊರಗೆ ಬಿಟ್ಟದ್ದು ಎಂದು ಐದರಲ್ಲೊಂದು ಪಾಲು ಕಳೆದರೂ ಐದೂವರೆ ಲಕ್ಷ ಲೀಟರಿಗೆ ಮೋಸವಿಲ್ಲ.

ಇನ್ನು ಖರ್ಚಿನ ಬದಿ. ಒಳಗಿನ ಕ್ಯಾಪ್ಸಿಕಂಗೆ ಚದರ ಮೀಟರಿಗೆ ದಿನಕ್ಕೆ ಎರಡರಿಂದ ನಾಲ್ಕು ಲೀಟರ್ ನೀರು ಬೇಕು. ಚಳಿಗಾಲದ ಮೋಡದ ದಿನಗಳಲ್ಲಿ ಎರಡು, ಬಿಸಿಲಲ್ಲಿ ನಾಲ್ಕು. ಸರಾಸರಿ ಮೂರು ಅಂದರೂ ದಿನಕ್ಕೆ 3,000 ಲೀಟರ್, 300 ದಿನದ ಬೆಳೆಗೆ ಒಂಬತ್ತು ಲಕ್ಷ.

ಒಂಬತ್ತರಲ್ಲಿ ಐದೂವರೆ. ಬೇಕಾದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಚಾವಣಿಯ ಮೇಲೆಯೇ ಬೀಳುತ್ತದೆ! ಬರದ ನಾಡಿನ ಒಂದು ಬೆಳೆಗೆ ಇಷ್ಟು ಅನುಕೂಲದ ಲೆಕ್ಕ ಇನ್ನೆಲ್ಲಿ ಸಿಕ್ಕೀತು?

ಅಷ್ಟನ್ನೂ ಹಿಡಿದಿಡುವಷ್ಟು ದೊಡ್ಡ ಹೊಂಡ ಎಲ್ಲರಿಗೂ ಆಗುವುದಿಲ್ಲ, ನಿಜ. ಆದರೆ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡ ನಮ್ಮ ರೈತರಿಗೆ ಹೊಸದಲ್ಲ. ಇಳಿಜಾರು ದಡ ಬಿಟ್ಟು ತೋಡಿದರೆ ಅದರಲ್ಲಿ ಎರಡೂವರೆ ಲಕ್ಷ ಲೀಟರ್ ನಿಲ್ಲುತ್ತದೆ. ಎಂಬತ್ತು ದಿನಕ್ಕೆ ಸಾಕಾಗುವ ನೀರು. ಅಕ್ಟೋಬರ್ ಕೊನೆಗೆ ತುಂಬಿದ ಹೊಂಡ ಜನವರಿಯವರೆಗೆ ಬೋರಿನ ಭಾರ ಇಳಿಸುತ್ತದೆ. ಮಳೆಗಾಲದಲ್ಲಂತೂ ಬಳಸಿದಂತೆ ಮತ್ತೆ ತುಂಬುತ್ತಿರುತ್ತದೆ; 50 ಮಿ.ಮೀ.ನ ಒಂದೇ ಮಳೆಗೆ 40,000 ಲೀಟರ್.

ಉಪ್ಪು ಎಲ್ಲಿ ಹೋಗಬೇಕು?

ನೀರು ಉಳಿಯುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೊಂದಿದೆ, ಅದರ ಬಗ್ಗೆ ಸಾಕಷ್ಟು ಮಾತು ನಡೆದಿಲ್ಲ.

ಬಯಲಿನ ಹೊಲದಲ್ಲಿ ನಾವು ಮಾಡುವ ಹಲವು ತಪ್ಪುಗಳನ್ನು ಮಳೆ ತೊಳೆಯುತ್ತದೆ. ಗೊಬ್ಬರ ಹೆಚ್ಚಾದರೆ ಒಂದು ಒಳ್ಳೆಯ ಮಳೆಗೆ ಕೆಳಗಿಳಿಯುತ್ತದೆ, ಸವಳು ಕರಗುತ್ತದೆ. ಪಾಲಿಹೌಸಿನಲ್ಲಿ ಆ ಭಾಗ್ಯವಿಲ್ಲ. ಒಳಗೆ ಹೋದ ಉಪ್ಪು ಒಳಗೇ ಉಳಿಯುತ್ತದೆ.

ಎಷ್ಟು ಹೋಗುತ್ತದೆ? ನೀರಿನಲ್ಲಿ ಕರಗಿದ ಲವಣವನ್ನು ವಿದ್ಯುತ್ ವಾಹಕತೆಯಿಂದ, ಅಂದರೆ ಇ.ಸಿ.ಯಿಂದ ಅಳೆಯುತ್ತಾರೆ. ಇ.ಸಿ. 1 ಇರುವ ನೀರಿನ ಒಂದು ಲೀಟರಿನಲ್ಲಿ ಸುಮಾರು 0.6 ಗ್ರಾಂ ಲವಣ. ಅಷ್ಟೇನೂ ಕೆಟ್ಟ ನೀರಲ್ಲ ಅದು. ಕುಡಿದರೆ ಬಾಯಿಗೆ ಸ್ವಲ್ಪ ಸವಳು ಅನ್ನಿಸಬಹುದು. ಆದರೆ ದಿನಕ್ಕೆ 3,000 ಲೀಟರಿನಂತೆ 300 ದಿನ ಹಾಯಿಸಿದರೆ ಹತ್ತು ಗುಂಟೆಗೆ ಸೇರುವ ಲವಣ 540 ಕಿಲೋ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂದು ಗಿಡ ಒಂದಿಷ್ಟನ್ನು ಹೀರಿಕೊಳ್ಳುತ್ತದೆ. ಮಿಕ್ಕದ್ದು ಮಡಿಯಲ್ಲೇ ಕೂರುತ್ತದೆ. ಅದರ ಮೇಲೆ ನಾವೇ ಹಾಕುವ ರಸಗೊಬ್ಬರ ಬೇರೆ.

ಮೂರನೆಯ ವರ್ಷಕ್ಕೆ ಮಡಿಯ ಅಂಚಿನಲ್ಲಿ ಬಿಳಿ ಹೊಪ್ಪಳೆ ಏಳುತ್ತದೆ. ಎಲೆಯ ತುದಿ ಸುಟ್ಟಂತಾಗುತ್ತದೆ. ಕೆಳಗೆ ನೀರಿದ್ದರೂ ಗಿಡ ಬಾಡುತ್ತದೆ, ಏಕೆಂದರೆ ಉಪ್ಪಿನ ಮಣ್ಣಿನಿಂದ ನೀರು ಹೀರುವುದು ಬೇರಿಗೆ ಕಷ್ಟ. ಬೀಜದ ದೋಷ, ನರ್ಸರಿಯ ದೋಷ ಎಂದು ಹುಡುಕಾಟ ಅಲ್ಲಿಂದ ಶುರುವಾಗುತ್ತದೆ.

ಮಳೆನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಹೊಂಡದ ನೀರಿಗೆ ಅಷ್ಟೇ ಬೋರಿನ ನೀರು ಬೆರೆಸಿದರೆ ಮಡಿಗೆ ಹೋಗುವ ಉಪ್ಪು ಅರ್ಧಕ್ಕಿಳಿಯುತ್ತದೆ. ಮಳೆಗೆ ಕೊರತೆಯೇ ಇಲ್ಲದ ನೆದರ್‌ಲೆಂಡ್ಸಿನ ಗಾಜಿನ ಮನೆಗಳ ಬೆಳೆಗಾರರು ಚಾವಣಿ ನೀರನ್ನು ಜತನದಿಂದ ಹೊಂಡಕ್ಕಿಳಿಸುವುದು ಮುಖ್ಯವಾಗಿ ಇದೇ ಕಾರಣಕ್ಕೆ. ಅವರಿಗೆ ಬೇಕಾದ್ದು ಸೋಡಿಯಂ ಇಲ್ಲದ ನೀರು. ನಮಗೆ ಅದೂ ಬೇಕು, ನೀರೂ ಬೇಕು.

ಹಾಗಾಗಿ ಪೈಪು ಕೊಳ್ಳುವ ಮೊದಲು ನೀರಿನ ಪರೀಕ್ಷೆ ಆಗಲಿ. ಮೋಟರನ್ನು ಅರ್ಧ ಗಂಟೆ ಓಡಿಸಿ, ಚೊಕ್ಕ ಬಾಟಲಿಯಲ್ಲಿ ನೀರು ಹಿಡಿದು ಕೃಷಿ ವಿಜ್ಞಾನ ಕೇಂದ್ರಕ್ಕೋ ಮಣ್ಣು–ನೀರು ಪರೀಕ್ಷಾ ಕೇಂದ್ರಕ್ಕೋ ಕೊಡಬೇಕು. ಇ.ಸಿ., ಪಿಎಚ್, ಬೈಕಾರ್ಬನೇಟ್, ಸೋಡಿಯಂ, ಕಬ್ಬಿಣ ಈ ಐದನ್ನು ಕೇಳಿ ಬರೆಸಿಕೊಳ್ಳಿ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಕೆರೆ ತುಂಬಿ ಬೋರುಗಳಿಗೆ ಜೀವ ಬಂದ ಕಡೆ ಹಳೆಯ ವರದಿಯನ್ನು ನಂಬಿ ಕೂರಬಾರದು. ನೀರಿನ ಮಟ್ಟ ಬದಲಾದರೆ ಗುಣವೂ ಬದಲಾಗಿರಬಹುದು.

▌ಒಂದು ಮರದ ಕುತೂಹಲ
*1930ರ ದಶಕ. ಪೋಲೆಂಡಿನಿಂದ ಪ್ಯಾಲೆಸ್ಟೀನಿಗೆ ಬಂದಿದ್ದ ನೀರಾವರಿ ಎಂಜಿನಿಯರ್ ಸಿಮ್ಖಾ ಬ್ಲಾಸ್ ಅವರ ಕಣ್ಣಿಗೆ ಒಂದು ಮರ ಬಿತ್ತು. ಯಾರೂ ನೀರು ಹಾಕದಿದ್ದರೂ ಸುತ್ತಲಿನ ಮರಗಳಿಗಿಂತ ಸೊಂಪಾಗಿತ್ತು. ಕೆದಕಿದಾಗ ಸಿಕ್ಕಿದ್ದು ಸೋರುತ್ತಿದ್ದ ಪೈಪು.*
*ಪೈಪಿಗೆ ಸಣ್ಣ ತೂತು ಕೊರೆದರೆ ಹನಿ ಬರುತ್ತದೆ, ಆದರೆ ಸಣ್ಣ ತೂತು ಬೇಗ ಕಟ್ಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಕೈಗೆ ಬಂದ ಮೇಲೆ ಬ್ಲಾಸ್ ಮತ್ತು ಅವರ ಮಗ ಬೇರೆ ದಾರಿ ಹಿಡಿದರು. ತೂತನ್ನು ಕಿರಿದಾಗಿಸುವ ಬದಲು ನೀರನ್ನು ಸುರುಳಿ ಸುತ್ತಿದ ಉದ್ದದ ಹಾದಿಯಲ್ಲಿ ಓಡಿಸಿ ಅದರ ವೇಗ ಮುರಿದರು. 1965ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಹಟ್ಸೆರಿಮ್ ಕಿಬ್ಬುಟ್ಸಿನಲ್ಲಿ ಇದಕ್ಕಾಗಿಯೇ ನೆಟಾಫಿಮ್ ಕಂಪನಿ ಹುಟ್ಟಿತು. ಇಂದಿನ ಡ್ರಿಪ್ಪರನ್ನು ಸೀಳಿ ನೋಡಿದರೆ ಒಳಗೆ ಹಲ್ಲುಹಲ್ಲಾದ ಅಂಕುಡೊಂಕು ದಾರಿ ಕಾಣುತ್ತದೆ.*

ದೋಣಿಯಿಂದ ಹೊಂಡಕ್ಕೆ

ಪಾಲಿಹೌಸಿನ ಎರಡು ಕಮಾನುಗಳ ನಡುವೆ ತಗಡಿನ ದೋಣಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಚಾವಣಿಯೇ ನಿಲ್ಲದು. ಕೆಲಸ ಕೆಡುವುದು ಅದರ ತುದಿಯಲ್ಲಿ. ಹಲವು ಕಡೆ ದೋಣಿಯನ್ನು ಹಾಗೇ ಬಯಲಿಗೆ ಬಿಟ್ಟುಬಿಡುತ್ತಾರೆ. ತುದಿಗೆ ದಪ್ಪ ಪಿವಿಸಿ ಪೈಪು ಕೂರಿಸಿ, ಎಲ್ಲ ದೋಣಿಗಳನ್ನು ಒಂದು ಸಾಲಿಗೆ ಕೂಡಿಸಿ ಹೊಂಡಕ್ಕೆ ಇಳಿಸಿದರೆ ಆಯಿತು. ದೋಣಿಗೆ ಒಂದೇ ಬದಿಗೆ ಇಳಿಜಾರು ಇರಬೇಕು, ಹೊಂಡ ಆ ಬದಿಯಲ್ಲೇ ಇರಬೇಕು. ಇದನ್ನು ಕಂಬ ನೆಡುವ ಮೊದಲೇ ನಿರ್ಧರಿಸಬೇಕು. ಚಾವಣಿ ಎದ್ದ ಮೇಲೆ ಇಳಿಜಾರು ತಿರುಗಿಸಲು ಬರುವುದಿಲ್ಲ.

ಬೇಸಿಗೆಯಲ್ಲಿ ಒಳಗಿನ ಶಾಖ ತಗ್ಗಿಸಲು ಚಾವಣಿಗೆ ಸುಣ್ಣ ಎರಚುವವರು ಒಂದು ಗೇಟ್‌ವಾಲ್ವ್ ಹೆಚ್ಚಿಗೆ ಹಾಕಿಸಬೇಕು. ಮೊದಲ ಒಂದೆರಡು ಮಳೆಯಲ್ಲಿ ಸುಣ್ಣ, ದೂಳು, ಹಕ್ಕಿ ಹಿಕ್ಕೆ ಎಲ್ಲ ತೊಳೆದು ಬರುತ್ತದೆ. ಅದು ಹೊರಗೆ ಹೋಗಲಿ. ದೋಣಿಯ ನೀರು ತಿಳಿಯಾದ ಮೇಲೆ ಹೊಂಡಕ್ಕೆ ತಿರುಗಿಸಿ.

ಹೊಂಡದ ತಳಕ್ಕೆ ಪ್ಲಾಸ್ಟಿಕ್ ಹೊದಿಕೆ ಬೇಕು. ಮೇಲೆ ನೆರಳು ಬಲೆ ಕಟ್ಟಿದರೆ ನೀರು ಆವಿಯಾಗುವುದೂ ಕಡಿಮೆ, ಪಾಚಿಯೂ ಕಡಿಮೆ. ಸುತ್ತ ಬೇಲಿ ಹಾಕಿಸಲೇಬೇಕು. ಪ್ಲಾಸ್ಟಿಕ್ ಹಾಸಿದ ದಡ ಜಾರುತ್ತದೆ. ಒಳಗೆ ಬಿದ್ದ ಮಗುವಿರಲಿ, ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ಪ್ರತಿ ವರ್ಷ ಕೃಷಿ ಹೊಂಡಗಳು ಮಕ್ಕಳ ಜೀವ ತೆಗೆಯುತ್ತಿವೆ. ಬೇಲಿಗೆ ದುಡ್ಡಿಲ್ಲದಿದ್ದರೆ ಹೊಂಡವೇ ಆ ವರ್ಷ ಬೇಡ. ಒಳಗೆ ಗಂಟು ಹಾಕಿದ ಹಗ್ಗವೊಂದು ಸದಾ ಇಳಿಬಿದ್ದಿರಲಿ.

ಫಿಲ್ಟರಿನಲ್ಲಿ ಜಿಪುಣತನ ಬೇಡ

ನೀರು ಯಾವುದೋ ಫಿಲ್ಟರ್ ಅದಕ್ಕೆ ತಕ್ಕಂತೆ. ಬೋರಿನಲ್ಲಿ ಮರಳು ಬರುತ್ತಿದ್ದರೆ ಹೈಡ್ರೊಸೈಕ್ಲೋನ್ ಬೇಕು. ನೀರನ್ನು ಗಿರ್ರನೆ ತಿರುಗಿಸಿ ಮರಳನ್ನು ಕೆಳಗೆ ಕೂರಿಸುತ್ತದೆ. ಹೊಂಡದ ನೀರಾದರೆ ಪಾಚಿ ಬರುತ್ತದೆ, ಅದಕ್ಕೆ ಮರಳಿನ ಫಿಲ್ಟರ್. ಇವೆರಡರ ಮುಂದೆಯೂ ಕೊನೆಯ ಕಾವಲಿಗೆ 120 ಮೆಶ್‌ನ ಡಿಸ್ಕ್ ಫಿಲ್ಟರ್. ಬರೀ ಜಾಲರಿ ಫಿಲ್ಟರಿನಲ್ಲಿ ಪಾಚಿ ತಡೆಯುತ್ತೇವೆ ಎಂದು ಹೊರಟರೆ ಲೋಳೆ ಜಾಲರಿಯೊಳಗಿಂದ ನುಸುಳಿ ಡ್ರಿಪ್ಪರಿನಲ್ಲಿ ಹೋಗಿ ಕೂರುತ್ತದೆ.

ಫಿಲ್ಟರಿನ ಹಿಂದೊಂದು ಮುಂದೊಂದು ಪ್ರೆಶರ್ ಗೇಜ್ ಇರಲೇಬೇಕು. ಎರಡರ ನಡುವಿನ ವ್ಯತ್ಯಾಸ ಅರ್ಧ ಕಿಲೋ ದಾಟಿದರೆ ಫಿಲ್ಟರ್ ತೊಳೆಯುವ ಹೊತ್ತಾಗಿದೆ ಎಂದರ್ಥ. ಗೇಜ್ ಇಲ್ಲದವರಿಗೆ ಈ ಸುದ್ದಿ ತಿಳಿಯುವುದು ಗಿಡ ಬಾಡಿದಾಗ.

ಒತ್ತಡದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ಸ್ಟ್ಯಾಂಡಿನ ಮೇಲೆ ಸಿಂಟೆಕ್ಸ್ ಟ್ಯಾಂಕ್ ಇಟ್ಟರೆ ಡ್ರಿಪ್ ಓಡುತ್ತದೆಂದು ಹಲವರು ನಂಬುತ್ತಾರೆ. ಮಾಮೂಲಿ ಡ್ರಿಪ್ಪರ್ ಅದರ ಮೇಲೆ ಬರೆದಷ್ಟು ನೀರು ಕೊಡಲು ಒಂದು ಕಿಲೋ ಒತ್ತಡ ಬೇಕು, ಅಂದರೆ ಹತ್ತು ಮೀಟರ್ ಎತ್ತರ. ಮೂರು ಮೀಟರ್ ಸ್ಟ್ಯಾಂಡಿನಿಂದ ಸಿಗುವುದು ಅದರ ಮೂರರಲ್ಲೊಂದು ಪಾಲು ಮಾತ್ರ. ಫಿಲ್ಟರ್ ದಾಟುವಷ್ಟರಲ್ಲಿ ಅದೂ ಕರಗುತ್ತದೆ. ಹೊಂಡದ ಪಕ್ಕ ಒಂದು, ಒಂದೂವರೆ ಎಚ್‌ಪಿಯ ಸಣ್ಣ ಪಂಪು ಹತ್ತು ಗುಂಟೆಗೆ ಸಾಕು. ಬೋರಿನ ದೊಡ್ಡ ಮೋಟರನ್ನು ನೇರವಾಗಿ ಡ್ರಿಪ್ಪಿಗೆ ಜೋಡಿಸುವುದಕ್ಕಿಂತ ಇದು ವಾಸಿ. ತ್ರೀಫೇಸ್ ಕರೆಂಟು ನಡುರಾತ್ರಿ ಬಂದರೆ ಬೋರಿನ ನೀರು ಹೊಂಡಕ್ಕೆ ಬೀಳಲಿ, ಗಿಡಕ್ಕೆ ನೀರು ಬೆಳಗ್ಗೆ ಅದರ ಹೊತ್ತಿಗೆ ಹೋಗಲಿ.

ಮೂರು ಸಾವಿರ ಡ್ರಿಪ್ಪರ್

ಪೈಪು ಎಳೆಯುವುದು ಇಡೀ ಕೆಲಸದಲ್ಲಿ ಸುಲಭದ್ದು. 25 ಮೀಟರ್ ಅಗಲ, 40 ಮೀಟರ್ ಉದ್ದದ ಮನೆಯಲ್ಲಿ ದಾರಿಯೂ ಸೇರಿ ಒಂದೂವರೆ ಮೀಟರಿಗೊಂದರಂತೆ 16 ಮಡಿ ಕೂರುತ್ತವೆ. ಮಡಿಗೆ ಎರಡು ಸಾಲು ಗಿಡ, ಎರಡು ಸಾಲು 16 ಮಿ.ಮೀ. ಲ್ಯಾಟರಲ್, ಅಂದರೆ ಡ್ರಿಪ್ಪರ್ ಇರುವ ಪೈಪು. ಒಂದೇ ಲ್ಯಾಟರಲ್ ಸಾಕೆಂದು ಉಳಿತಾಯ ಮಾಡುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಒಂದು ಡ್ರಿಪ್ಪರ್ ಕಟ್ಟಿಕೊಂಡರೆ ಆ ಜಾಗದ ಗಿಡಕ್ಕೆ ಬೇರೆ ದಿಕ್ಕೇ ಇರುವುದಿಲ್ಲ.

40 ಸೆಂ.ಮೀ.ಗೊಂದು, ಗಂಟೆಗೆ ಎರಡು ಲೀಟರ್ ಕೊಡುವ ಡ್ರಿಪ್ಪರ್ ಎಂದರೆ 32 ಸಾಲಿಗೆ ಮೂರು ಸಾವಿರ ಡ್ರಿಪ್ಪರ್, ಗಂಟೆಗೆ ಆರು ಸಾವಿರ ಲೀಟರ್. ದಿನದ ಮೂರು ಸಾವಿರ ಲೀಟರ್ ಅರ್ಧ ಗಂಟೆಯಲ್ಲಿ ಮುಗಿಯಿತು! ಆ ಅರ್ಧ ಗಂಟೆಯನ್ನೂ ಬೆಳಗ್ಗೆ, ಮಧ್ಯಾಹ್ನದ ಮುಂಚೆ ಎಂದು ಎರಡು ಮೂರು ಕಂತಾಗಿ ಒಡೆಯಬೇಕು. ಸಂಜೆಯ ಮೇಲೆ ನೀರು ಬಿಟ್ಟರೆ ರಾತ್ರಿಯಿಡೀ ಒಳಗೆ ತೇವ ನಿಂತು ರೋಗ ಕರೆದಂತೆ. ಪಾಲಿಹೌಸಿನಲ್ಲಿ ನೀರು ಸಾಲದೆ ಸಾಯುವ ಗಿಡಕ್ಕಿಂತ ನೀರು ಹೆಚ್ಚಾಗಿ ಬುಡ ಕೊಳೆಯುವ ಗಿಡದ ಬಗ್ಗೆ ನಾವು ಹೆಚ್ಚು ಚಿಂತೆ ಮಾಡಬೇಕು.

ಮರಳು ಜಾಸ್ತಿ ಇರುವ ಮಣ್ಣಾದರೆ ಡ್ರಿಪ್ಪರಿನ ಅಂತರ 30 ಸೆಂ.ಮೀ.ಗೆ ಇಳಿಸಿ, ಅಲ್ಲಿ ನೀರು ಅಗಲಕ್ಕೆ ಹರಡದೆ ನೇರ ಕೆಳಗಿಳಿಯುತ್ತದೆ. ಡ್ರಿಪ್ಪರಿನ ಬಾಯಿ ಮೇಲ್ಮುಖವಾಗಿರಲಿ. ಪೈಪಿನ ತಳದಲ್ಲಿ ಕೂರುವ ಸಣ್ಣ ಮಣ್ಣು ಆಗ ಒಳಗೆ ಹೊಗುವುದಿಲ್ಲ. ಮಲ್ಚಿಂಗ್ ಹಾಳೆ ಹಾಸುವುದು ಲ್ಯಾಟರಲ್ ಎಳೆದು, ನೀರು ಬಿಟ್ಟು ನೋಡಿದ ಮೇಲೆಯೇ.

ಒಂದು ಕೆಲಸದಲ್ಲಿ ಮಾತ್ರ ಡ್ರಿಪ್ ಹಾಕುವ ಹುಡುಗರ ಪಕ್ಕ ನಿಂತು ನೋಡಬೇಕು. ಲ್ಯಾಟರಲ್‌ಗಳಿಗೆ ನೀರು ಹಂಚುವ ಸಬ್‌ಮೇನ್ ಪೈಪಿಗೆ ಡ್ರಿಲ್ಲಿನಲ್ಲಿ ತೂತು ಕೊರೆದು ಗ್ರಾಮೆಟ್ ಕೂರಿಸುವಾಗ ಪಿವಿಸಿ ಚೂರು ಒಳಗೆ ಬೀಳುತ್ತವೆ. ಲ್ಯಾಟರಲ್ ಜೋಡಿಸುವ ಮೊದಲು ಸಬ್‌ಮೇನಿನ ತುದಿ ಬಿಚ್ಚಿ ನೀರು ಹೊಡೆಸಬೇಕು. ಆಮೇಲೆ ಲ್ಯಾಟರಲ್ ಜೋಡಿಸಿ, ಅದರ ತುದಿಯನ್ನೂ ತೆರೆದಿಟ್ಟು ತಿಳಿನೀರು ಬರುವ ತನಕ ಹರಿಸಬೇಕು. ತುದಿ ಮಡಚುವುದು ಕೊನೆಗೆ. ಆತುರದಲ್ಲಿ ಇದನ್ನು ಬಿಟ್ಟರೆ ಹೊಸ ಡ್ರಿಪ್ಪು ಮೊದಲ ದಿನವೇ ಅರ್ಧ ಕಟ್ಟಿಕೊಂಡಿರುತ್ತದೆ.

▌36 ಸೆಕೆಂಡಿನ ಪರೀಕ್ಷೆ
*ಡ್ರಿಪ್ಪರಿನ ಕೆಳಗೆ ಸಣ್ಣ ಲೋಟ ಇಟ್ಟು ಸರಿಯಾಗಿ 36 ಸೆಕೆಂಡ್ ನೀರು ಹಿಡಿಯಿರಿ. ಔಷಧಿ ಅಳೆಯುವ ಸಿರಿಂಜಿನಲ್ಲಿ ಅಳೆಯಿರಿ. 20 ಮಿ.ಲೀ. ಬಂದರೆ ಗಂಟೆಗೆ 2 ಲೀಟರ್ ಸರಿಯಾಗಿ ಬರುತ್ತಿದೆ ಎಂದರ್ಥ.*
*ಮೊದಲ ಮಡಿ, ನಡುಮಡಿ, ಕೊನೆಯ ಮಡಿ. ಪ್ರತಿ ಮಡಿಯ ತಲೆ, ನಡು, ತುದಿ. ಈ ಒಂಬತ್ತು ಕಡೆ ಹಿಡಿದು ಬರೆದಿಡಿ. ತಿಂಗಳಿಗೊಮ್ಮೆ ಹೋಲಿಸಿ. ತುದಿಯಲ್ಲಿ ಕಡಿಮೆಯಾದರೆ ಒತ್ತಡದ ತೊಂದರೆ, ಎಲ್ಲೆಲ್ಲೋ ಚದುರಿದಂತೆ ಕಡಿಮೆಯಾದರೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತಿದೆ.*

ಗೊಬ್ಬರವೂ ಅದೇ ಪೈಪಿನಲ್ಲಿ

ವೆಂಚುರಿ ಎಂಬ ಪುಟ್ಟ ಸಾಧನ ನೀರಿನ ಓಟದ ಬಲದಿಂದಲೇ ಡ್ರಮ್ಮಿನ ಗೊಬ್ಬರ ದ್ರಾವಣವನ್ನು ಪೈಪಿನೊಳಕ್ಕೆ ಹೀರುತ್ತದೆ. 19:19:19, 13:0:45, 12:61:0 ಮುಂತಾದ ಪೂರ್ತಿ ಕರಗುವ ಗೊಬ್ಬರಗಳನ್ನು ಹೀಗೆ ಕೊಡುತ್ತಾರೆ. ಇದು ಡಿಸ್ಕ್ ಫಿಲ್ಟರಿಗಿಂತ ಹಿಂದೆ ಇರಬೇಕು. ಕರಗದೆ ಉಳಿದ ಹರಳು ಫಿಲ್ಟರಿನಲ್ಲೇ ಸಿಕ್ಕಿಕೊಳ್ಳಲಿ. ಮೊದಲು ಬರೀ ನೀರು, ನಡುವೆ ಗೊಬ್ಬರ, ಕೊನೆಯ ಕೆಲವು ನಿಮಿಷ ಮತ್ತೆ ಬರೀ ನೀರು. ಪೈಪಿನಲ್ಲಿ ಗೊಬ್ಬರ ನಿಲ್ಲಬಾರದು.

ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್ ಅಥವಾ ಫಾಸ್ಫೇಟ್ ಇರುವ ಗೊಬ್ಬರದ ಜೊತೆ ಒಂದೇ ಡ್ರಮ್ಮಿನಲ್ಲಿ ಕಲಸಬಾರದು. ಕಲಸಿದರೆ ಜಿಪ್ಸಂ, ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಟ್ಟಿ ಡ್ರಿಪ್ಪರಿನ ಅಂಕುಡೊಂಕು ದಾರಿಯಲ್ಲಿ ಕಲ್ಲಾಗುತ್ತವೆ. ಡ್ರಮ್ಮು ಎರಡಿರಲಿ, ಕೊಡುವ ದಿನವೂ ಬೇರೆಯಾಗಿರಲಿ.

ಟೈಮರ್, ಮೊಬೈಲಿನಿಂದ ಓಡುವ ಸ್ವಯಂಚಾಲಿತ ವಾಲ್ವ್ ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ: ಮೊದಲ ವರ್ಷ ಅವು ಬೇಡ. ಆ ದುಡ್ಡಿನಲ್ಲಿ ಕೈಲಿ ಹಿಡಿಯುವ ಒಂದು ಇ.ಸಿ. ಮೀಟರು, ಒಂದು ಪಿಎಚ್ ಮೀಟರು ಕೊಳ್ಳಿ. ಬೆಳಗ್ಗೆ ಮಡಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುವ ಅಭ್ಯಾಸ ಕೈಗೆ ಹತ್ತಲಿ. ನಿಮ್ಮ ಮಣ್ಣು ಎಷ್ಟು ಹೊತ್ತಿಗೆ ಎಷ್ಟು ಕೇಳುತ್ತದೆಂದು ತಿಳಿದ ಮೇಲೆ ಅದನ್ನು ಟೈಮರಿಗೆ ಹೇಳಿಕೊಡಬಹುದು.

ಕಟ್ಟಿಕೊಂಡರೆ

ಗಡಸು ನೀರಿನ ಬೈಕಾರ್ಬನೇಟ್ ಡ್ರಿಪ್ಪರಿನ ಬಾಯಲ್ಲಿ, ಸ್ನಾನದ ಹಂಡೆಯ ತಳದಲ್ಲಿ ಕಟ್ಟುವಂತೆ ಬಿಳಿ ಚೆಕ್ಕೆ ಕಟ್ಟುತ್ತದೆ. ಅದಕ್ಕೆ ಆಮ್ಲವೇ ಮದ್ದು. ಪೈಪಿನೊಳಗಿನ ನೀರಿನ ಪಿಎಚ್ 4ರ ಆಸುಪಾಸಿಗೆ ಇಳಿಯುವಂತೆ ಆಮ್ಲ ಹಾಯಿಸಿ, ಕೆಲವು ಗಂಟೆ ಬಿಟ್ಟು, ತುದಿ ಬಿಚ್ಚಿ ತೊಳೆಯುತ್ತಾರೆ. ಪಾಚಿ ಲೋಳೆಗೆ ಆಮ್ಲ ಸಾಲದು, ಕ್ಲೋರಿನ್ ಬೇಕು. ಎರಡನ್ನೂ ಬೆಳೆ ಇಲ್ಲದ ಬಿಡುವಿನಲ್ಲಿ, ತಿಳಿದವರನ್ನು ಪಕ್ಕದಲ್ಲಿಟ್ಟುಕೊಂಡು ಮಾಡಿದರೆ ಒಳ್ಳೆಯದು.

ಮಳೆನೀರು ಬೆರೆಸಿ ಬಳಸುವವರಿಗೆ ಆಮ್ಲದ ಕೆಲಸ ಅಪರೂಪಕ್ಕೆ ಬೀಳುತ್ತದೆ. ಚಾವಣಿಯ ನೀರು ಡ್ರಿಪ್ಪಿನ ಆಯುಸ್ಸನ್ನೂ ಹೆಚ್ಚಿಸುತ್ತದೆ.

▌ಜೀವಕ್ಕೆ ಎಚ್ಚರ
*• ಆಮ್ಲವನ್ನು ನೀರಿಗೆ ಸುರಿಯಬೇಕು. ನೀರನ್ನು ಆಮ್ಲಕ್ಕೆ ಸುರಿದರೆ ಸಿಡಿಯುತ್ತದೆ.*
*• ಆಮ್ಲ ಮತ್ತು ಬ್ಲೀಚಿಂಗ್ ಪುಡಿ ಎಂದಿಗೂ ಒಟ್ಟಿಗೆ ಸೇರಬಾರದು. ಹುಟ್ಟುವ ಕ್ಲೋರಿನ್ ಅನಿಲ ಮುಚ್ಚಿದ ಪಾಲಿಹೌಸಿನಲ್ಲಿ ಪ್ರಾಣಾಂತಿಕ.*
*• ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೂಲಿಯವರನ್ನು ಇಳಿಸಬೇಡಿ.*

ಒಂದೇ ನಕ್ಷೆಯಲ್ಲಿ ಬರಲಿ

ಇಷ್ಟು ಸರಳವಾದದ್ದು ಯಾಕೆ ಆಗುತ್ತಿಲ್ಲ? ಪಾಲಿಹೌಸ್ ತೋಟಗಾರಿಕೆ ಇಲಾಖೆಯ ಒಂದು ಕಡತ. ಡ್ರಿಪ್ಪಿನ ಸಹಾಯಧನ ಇನ್ನೊಂದು. ಕೃಷಿ ಹೊಂಡ ಕೃಷಿ ಇಲಾಖೆಯ ಮತ್ತೊಂದು. ಮೂರಕ್ಕೂ ಅರ್ಜಿ ಬೇರೆ, ಗುತ್ತಿಗೆದಾರರು ಬೇರೆ, ವರ್ಷವೂ ಬೇರೆ ಆಗಬಹುದು. ದೋಣಿಯ ತುದಿಯಿಂದ ಹೊಂಡದವರೆಗಿನ ಆ ಇಪ್ಪತ್ತು ಮೂವತ್ತು ಮೀಟರ್ ಪೈಪು ಈ ಕಡತಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತದೆ. ಅಂತರ್ಜಲ ಬರಿದಾದ ತಾಲ್ಲೂಕುಗಳಲ್ಲಿ ಚಾವಣಿ ನೀರಿನ ಹೊಂಡವನ್ನು ಪಾಲಿಹೌಸಿನ ಅಂದಾಜಿನಲ್ಲೇ ಸೇರಿಸಿ ಮಂಜೂರು ಮಾಡಬೇಕು. ಇಲ್ಲಿ ಸಾರ್ವಜನಿಕರ ಹಣ ಮಳೆ ತಡೆಯುವ ಚಾವಣಿಗೆ ಸಲ್ಲುತ್ತಿದೆ. ಆ ಮಳೆಗೂ ಅದೇ ಹಣದಲ್ಲಿ ಒಂದು ಜಾಗ ಇರಬೇಕೆಂದು ಕೇಳುವುದು ಹೆಚ್ಚೇನಲ್ಲ.

ಅಲ್ಲಿಯವರೆಗೆ ರೈತರೇ ಕೇಳಬೇಕು. ಪಾಲಿಹೌಸ್ ಕಟ್ಟುವವರು ನಕ್ಷೆ ತಂದು ಮುಂದಿಟ್ಟಾಗ ಬೆರಳಿಟ್ಟು ಕೇಳಿ: ದೋಣಿಯ ಇಳಿಜಾರು ಯಾವ ಕಡೆ? ನೀರು ಇಳಿಯುವ ಪೈಪು ಎಲ್ಲಿ, ಎಷ್ಟು ದಪ್ಪ? ಹೊಂಡದ ಬಾಯಿ ಅದಕ್ಕಿಂತ ತಗ್ಗಿನಲ್ಲಿದೆಯೇ? ತುಂಬಿ ಹೆಚ್ಚಾದ ನೀರು ಯಾರ ಹೊಲಕ್ಕೂ ನುಗ್ಗದೆ ಎಲ್ಲಿ ಹೋಗುತ್ತದೆ?

ಈಗಾಗಲೇ ಪಾಲಿಹೌಸ್ ಇರುವವರಿಗೂ ಕಾಲ ಮೀರಿಲ್ಲ. ಈ ಸೀಮೆಯಲ್ಲಿ ದೊಡ್ಡ ಮಳೆಗಳು ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನಿನಲ್ಲಿ ಹೊಂಡ ತೋಡಿಸಿ, ಜುಲೈನಲ್ಲಿ ಹೊದಿಕೆ ಹಾಸಿ ಬೇಲಿ ಕಟ್ಟಿಸಿ, ಆಗಸ್ಟ್ ಕೊನೆಯೊಳಗೆ ದೋಣಿಗೆ ಪೈಪು ಕೂರಿಸಿದರೆ ಈ ವರ್ಷದ ಹಿಂಗಾರಿಗೇ ಹೊಂಡ ಸಿದ್ಧವಾಗಿರುತ್ತದೆ.